ಕೊಟ್ಟವರ ಲೆಕ್ಕ

ತಿಕೋಟಾ ಕಡೆ 'ಕಸಿ' ಅಂದರೆ ಮೊದಲು ನೆನಪಿಗೆ ಬರೋದು ದ್ರಾಕ್ಷಿ. ಉಪ್ಪು ನೀರು, ಒಣ ನೆಲ ಎರಡನ್ನೂ ತಡೆಯುವ ಡಾಗ್‌ರಿಜ್ ಅನ್ನೋ ಗಿಡವನ್ನು ಮೊದಲು ನೆಡುತ್ತಾರೆ. ಅದು ಬಲಿತ ಮೇಲೆ ಕಾಂಡ ಸೀಳಿ, ಥಾಮ್ಸನ್ ಕಡ್ಡಿ ಕೂಡಿಸಿ, ಪಟ್ಟಿ ಸುತ್ತುತ್ತಾರೆ. ಬೇರು ಒಂದು ಗಿಡದ್ದು, ಹಣ್ಣು ಇನ್ನೊಂದರದ್ದು. ಕನ್ನಡದಲ್ಲಿ ಕಿಡ್ನಿಗೂ ಅದೇ ಪದ ಬಂತು, ಕಿಡ್ನಿ ಕಸಿ. ಆದರೆ ಗಿಡ ಒಪ್ಪಿಕೊಂಡಷ್ಟು ಸಲೀಸಾಗಿ ಮನುಷ್ಯನ ಮೈ ಒಪ್ಪಿಕೊಳ್ಳಲ್ಲ. ಅದನ್ನು ಒಪ್ಪಿಸೋಕೆ ವೈದ್ಯರಿಗೆ ಅರ್ಧ ಶತಮಾನ ಹಿಡಿಯಿತು. ಆ ಕಥೆಯನ್ನು ಸಾಮಾನ್ಯವಾಗಿ ಸರ್ಜನ್‌ಗಳ ಕಥೆಯಾಗಿ ಹೇಳ್ತಾರೆ. ನಾನು ಇಲ್ಲಿ ಕಿಡ್ನಿ ಕೊಟ್ಟವರ ಕಡೆಯಿಂದ ಹೇಳೋಣ ಅಂತಿದ್ದೇನೆ.

ಮೊದಲು ಕೊಟ್ಟವರು ಸತ್ತವರು. 1933ರಲ್ಲಿ ಉಕ್ರೇನಿನ ಖೆರ್ಸನ್ ಊರಲ್ಲಿ ಯೂರಿ ವೊರೊನೊಯ್ ಅನ್ನುವ ಸರ್ಜನ್, ಸತ್ತ ಒಬ್ಬರ ಕಿಡ್ನಿಯನ್ನು ರೋಗಿಯೊಬ್ಬರಿಗೆ ಜೋಡಿಸಿದರು. ರಕ್ತದ ಗುಂಪು ಹೊಂದಿರಲಿಲ್ಲ. ರೋಗಿ ಎರಡು ದಿನ ಬದುಕಿದರು. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹ ಯಾಕೆ ತಳ್ಳಿಹಾಕುತ್ತದೆ ಅನ್ನುವುದು ಗೊತ್ತಾಗಲು ಎರಡನೇ ಮಹಾಯುದ್ಧ ಬರಬೇಕಾಯಿತು. ಸುಟ್ಟಗಾಯದವರಿಗೆ ಚರ್ಮದ ಕಸಿ ಮಾಡುವುದನ್ನು ಹತ್ತಿರದಿಂದ ನೋಡಿದ ಬ್ರಿಟನ್ನಿನ ಪೀಟರ್ ಮೆಡಾವರ್, ಇದು ಹೊಲಿಗೆಯ ತಪ್ಪಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸ ಅಂತ ತೋರಿಸಿದರು. 1960ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಅಷ್ಟರೊಳಗೆ ಬಾಸ್ಟನ್ನಿನಲ್ಲಿ ಒಂದು ಅಡ್ಡದಾರಿ ಸಿಕ್ಕಿತ್ತು. ರಿಚರ್ಡ್ ಹೆರಿಕ್ ಎಂಬ ಯುವಕನ ಎರಡೂ ಕಿಡ್ನಿ ಹೋಗಿದ್ದವು. ಅವನಿಗೊಬ್ಬ ಅವಳಿ ಅಣ್ಣತಮ್ಮ ಇದ್ದ, ರೊನಾಲ್ಡ್. ಒಂದೇ ರೂಪದ ಅವಳಿಗಳಾದ್ದರಿಂದ ದೇಹಕ್ಕೆ ಇದು 'ಪರರದ್ದು' ಅಂತ ಗೊತ್ತೇ ಆಗಲ್ಲ. 1954ರ ಡಿಸೆಂಬರ್ 23ರಂದು ಜೋಸೆಫ್ ಮರ್ರಿ ತಂಡ ಶಸ್ತ್ರಚಿಕಿತ್ಸೆ ಮಾಡಿತು. ರಿಚರ್ಡ್ ತನ್ನನ್ನು ನೋಡಿಕೊಂಡ ನರ್ಸನ್ನೇ ಮದುವೆಯಾದ, ಇಬ್ಬರು ಮಕ್ಕಳಾದರು, ಎಂಟು ವರ್ಷ ಬದುಕಿದ. ಕೊಟ್ಟ ರೊನಾಲ್ಡ್ ಗಣಿತದ ಮೇಷ್ಟ್ರಾಗಿ 2010ರವರೆಗೆ ಇದ್ದ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಆಪರೇಷನ್ನಿಗೆ ಮುಂಚಿನ ಒಂದು ಪ್ರಶ್ನೆ. ವೈದ್ಯರು, ವಕೀಲರು, ಪಾದ್ರಿಗಳು ಎಲ್ಲರನ್ನೂ ಕೇಳಿ ಆಗಿತ್ತು. ಯಾಕಂದ್ರೆ ಆರೋಗ್ಯವಂತನೊಬ್ಬನ ಹೊಟ್ಟೆಯನ್ನು ಅವನಿಗೆ ಏನೂ ಲಾಭವಿಲ್ಲದ ಕೆಲಸಕ್ಕೆ ಕೊಯ್ಯುವುದು ವೈದ್ಯಕೀಯದಲ್ಲಿ ಹೊಸದು. ಆಗ ರೊನಾಲ್ಡ್ ಕೇಳಿದ್ದು: ಮುಂದೆ ಜೀವನಪೂರ್ತಿ ನನ್ನ ಆರೋಗ್ಯದ ಹೊಣೆ ಆಸ್ಪತ್ರೆ ಹೊರುತ್ತದಾ? ಅವನ ಕಿಡ್ನಿ ತೆಗೆಯಬೇಕಿದ್ದ ಡಾ. ಹಾರ್ಟ್‌ವೆಲ್ ಹ್ಯಾರಿಸನ್ ಇಲ್ಲ ಅಂದರು. ಅಂದು, ನಿನಗೆ ಕಷ್ಟ ಬಂದರೆ ಈ ಕೋಣೆಯಲ್ಲಿರುವ ಯಾರಾದರೂ ನಿನ್ನನ್ನು ಕೈಬಿಟ್ಟಾರು ಅನ್ನಿಸುತ್ತದಾ ಅಂತ ತಿರುಗಿ ಕೇಳಿದರು. ರೊನಾಲ್ಡ್ ಒಪ್ಪಿದ. ಕಾಗದದ ಮೇಲೆ ಬರೆದದ್ದಲ್ಲ, ಬರೀ ಬಾಯಿಮಾತಿನ ಭರವಸೆ. ಅಲ್ಲಿಂದ ಇಲ್ಲಿವರೆಗೆ ಕಿಡ್ನಿ ಕೊಟ್ಟವರ ಚರಿತ್ರೆ ನಿಂತಿರೋದು ಹೆಚ್ಚುಕಡಿಮೆ ಇಂಥ ಬಾಯಿಮಾತಿನ ಮೇಲೇ.

ಭಾರತಕ್ಕೆ ಬರೋಣ. 1965ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಮೃತರ ಕಿಡ್ನಿ ಕಸಿಗೆ ಪ್ರಯತ್ನ ನಡೆಯಿತು, ರೋಗಿ ಹೆಚ್ಚು ದಿನ ಉಳಿಯಲಿಲ್ಲ. 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಮೋಹನ್ ರಾವ್ ಮತ್ತು ಡಾ. ಜಾನಿ ತಂಡ ಬದುಕಿರುವವರ ಕಿಡ್ನಿ ತೆಗೆದು ಮಾಡಿದ ಕಸಿ ಯಶಸ್ವಿಯಾಯಿತು. 80ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಬಂತು. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ತಯಾರಾದ ಔಷಧ ಅದು. ದೇಹದ ಸಿಟ್ಟನ್ನು ಅದು ಹತೋಟಿಗೆ ತಂದ ಮೇಲೆ ಕೊಡುವವರು ರಕ್ತಸಂಬಂಧಿಯೇ ಆಗಬೇಕು ಅನ್ನೋ ಕಟ್ಟು ಸಡಿಲಾಯಿತು. ಅದರ ಜೊತೆಗೆ ಮಾರಾಟದ ಬಾಗಿಲೂ ತೆರೆಯಿತು. 90ರ ದಶಕದ ಬೆಂಗಳೂರು ಐಟಿಗೆ ಹೆಸರು ಮಾಡುವ ಹೊತ್ತಿಗೇ ಕಿಡ್ನಿ ದಂಧೆಗೂ ಕುಖ್ಯಾತವಾಗಿತ್ತು. ಸಾಲದ ಬಡವರು ಮಾರಿದರು, ಹಣ ಇದ್ದವರು ಕೊಂಡರು, ನಡುವಿನ ದಲ್ಲಾಳಿ ದೊಡ್ಡ ಪಾಲು ಉಂಡ.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು ಈ ಸಂತೆಯನ್ನು ಮುಚ್ಚೋಕೆ. ಅದು ಎರಡು ಕೆಲಸ ಮಾಡಿತು. ಒಂದು, ಮಾರಾಟ ಅಪರಾಧ. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ, ಹೆಂಡತಿ ಇವರು 'ಹತ್ತಿರದ ಸಂಬಂಧಿ'. ಅಜ್ಜ ಅಜ್ಜಿ, ಮೊಮ್ಮಕ್ಕಳು 2011ರ ತಿದ್ದುಪಡಿಯಲ್ಲಿ ಸೇರಿದರು. ಬೇರೆಯವರು ಕೊಡಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಎರಡು, ಮಿದುಳು ಸತ್ತರೆ ಮನುಷ್ಯ ಸತ್ತಂತೆ ಅಂತ ಕಾನೂನು ಒಪ್ಪಿಕೊಂಡಿತು. ನಾಲ್ಕು ವೈದ್ಯರ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಹೇಳಬೇಕು. ಹೃದಯ ಬಡಿಯುತ್ತಿರುವಾಗಲೇ 'ಹೋದರು' ಅಂತ ಮನೆಯವರಿಗೆ ತಿಳಿಸುವ ಕಠಿಣ ಕೆಲಸ ಅಲ್ಲಿಂದ ಶುರು. ಕರ್ನಾಟಕದಲ್ಲಿ 2007ರಲ್ಲಿ ಇದಕ್ಕೊಂದು ವಲಯ ಸಮನ್ವಯ ಸಮಿತಿ ಆಯಿತು. ಅದೇ ಇವತ್ತಿನ 'ಜೀವಸಾರ್ಥಕತೆ'.

ಫಲ ಹೇಗಿದೆ? 1999ರಲ್ಲಿ ಅಮೆರಿಕದಲ್ಲಿ ರಾಬರ್ಟ್ ವುಲ್ಫ್ ತಂಡ ಒಂದು ಜಾಣ ಹೋಲಿಕೆ ಮಾಡಿತು. ಕಸಿ ಆದವರನ್ನು ಡಯಾಲಿಸಿಸ್‌ನ ಎಲ್ಲ ರೋಗಿಗಳ ಜೊತೆ ಹೋಲಿಸದೆ, ಕಸಿಗೆ ಅರ್ಹರಾಗಿ ಪಟ್ಟಿಯಲ್ಲಿ ಕಾಯುತ್ತಿದ್ದವರ ಜೊತೆ ಮಾತ್ರ ಹೋಲಿಸಿತು. ಮೊದಲ ಎರಡು ವಾರ ಕಸಿಯಾದವರ ಸಾವಿನ ಅಪಾಯ 2.8 ಪಟ್ಟು ಹೆಚ್ಚು. ದೀರ್ಘಕಾಲದಲ್ಲಿ ಅದೇ ಅಪಾಯ ಶೇ 68ರಷ್ಟು ಕಡಿಮೆ. ಅಂದ್ರೆ ಕಸಿ ಒಂದು ಹೊಳೆ ದಾಟುವ ಕೆಲಸ, ನಡುನೀರು ಕಷ್ಟ, ಆಚೆ ದಡ ಗಟ್ಟಿ. ನಮ್ಮ ದೇಶದಲ್ಲಿ ಆ ನಡುನೀರಿಗೆ ಒಂದು ಹೆಸರಿದೆ, ಕ್ಷಯ. ದೇಹದ ಪ್ರತಿರೋಧ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಒಳಗೆ ಮಲಗಿದ ಟಿಬಿ ಏಳುತ್ತದೆ. ವೆಲ್ಲೂರಿನ ಅಧ್ಯಯನದಲ್ಲಿ ಕಸಿಯಾದ ನೂರು ಮಂದಿಯಲ್ಲಿ ಸುಮಾರು 13 ಮಂದಿಗೆ ಅದು ಬಂದಿತ್ತು. 1995ರಲ್ಲಿ ಪಾಲ್ ತೆರಸಾಕಿ ತಂಡ ಇನ್ನೊಂದು ಅಚ್ಚರಿ ಹೇಳಿತು. ರಕ್ತಸಂಬಂಧವೇ ಇಲ್ಲದ ಗಂಡ-ಹೆಂಡಿರ ಕಿಡ್ನಿ ಮೂರು ವರ್ಷದ ಮೇಲೆ ಶೇ 85 ಕೆಲಸ ಮಾಡುತ್ತಿದ್ದವು, ತಂದೆತಾಯಿಯದ್ದು ಶೇ 82, ಮೃತರದ್ದು ಶೇ 70. ಆರೋಗ್ಯವಂತರಿಂದ ತಾಜಾ ಬಂದ ಕಿಡ್ನಿಗೆ ರಕ್ತಸಂಬಂಧದ ಹೊಂದಾಣಿಕೆಗಿಂತ ಹೆಚ್ಚು ಬೆಲೆ ಇದೆ ಅಂತ ಆಯಿತು.

ವಿಜ್ಞಾನದ ಮಟ್ಟಿಗೆ ಇದು ಸಿಹಿ ಸುದ್ದಿ. ಮನೆಯೊಳಗೆ ಇದರ ಅರ್ಥ ಬೇರೆ. ಇನ್ನು ಮೇಲೆ ಅವ್ವನನ್ನಷ್ಟೇ ಅಲ್ಲ, ಹೆಂಡತಿಯನ್ನೂ ಕೇಳಬಹುದು. 2023ರಲ್ಲಿ ದೇಶದಲ್ಲಿ 18,378 ಅಂಗಾಂಗ ಕಸಿ ನಡೆದವು. ಅದರಲ್ಲಿ 15,436 ಬದುಕಿರುವವರು ಕೊಟ್ಟದ್ದರಿಂದ. ಹಾಗೆ ಕೊಟ್ಟ ನೂರರಲ್ಲಿ ಸುಮಾರು 63 ಮಂದಿ ಹೆಣ್ಣುಮಕ್ಕಳು. ಪಡೆದವರಲ್ಲಿ ಹೆಚ್ಚಿನವರು ಗಂಡಸರು. 'ದುಡಿಯುವ ಕೈ ಉಳೀಬೇಕಲ್ರಿ' ಅಂತಾರೆ. ಬಬಲೇಶ್ವರದ ಹೊಲದಲ್ಲಿ ಕಳೆ ತೆಗೆಯುವವರು, ತಿಕೋಟಾದ ದ್ರಾಕ್ಷಿ ಪಡದಲ್ಲಿ ಚಾಟ್ನಿ ಆದ ಮೇಲೆ ಕಡ್ಡಿ ಆರಿಸುವವರು ಯಾರು ಅಂತ ನೋಡಿದವರಿಗೆ ಈ ಮಾತು ಅಷ್ಟು ಸುಲಭಕ್ಕೆ ಒಳಗೆ ಇಳಿಯಲ್ಲ.

ನಮ್ಮ ದೊಡ್ಡವ್ವ ಮಗನಿಗೆ ಕಿಡ್ನಿ ಕೊಟ್ಟಾಕೆ. ಮಗ ಮೂರು ತಿಂಗಳಿಗೊಮ್ಮೆ ಚೆಕಪ್ಪಿಗೆ ಹೋಗ್ತಾನೆ, ಫೈಲು ಇಟ್ಟಂಗಿ ಗಾತ್ರ ಆಗಿದೆ. ದೊಡ್ಡವ್ವನ ಹೆಸರಲ್ಲಿ ಒಂದು ಹಾಳೆಯೂ ಇಲ್ಲ. ಕೇಳಿದರೆ, "ನಂದೇನ್ ಐತಿ ತೋರಿಸೂದು? ನಾ ಪೇಶಂಟ್ ಅಲ್ಲಲ್ಲ" ಅಂದಳು. ಆಕೆಯ ಮಾತು ಒಂದರ್ಥದಲ್ಲಿ ಸರಿ. ಕಿಡ್ನಿ ಕೊಟ್ಟವರು ಸಾಮಾನ್ಯವಾಗಿ ಉಳಿದವರಷ್ಟೇ ವರ್ಷ ಬದುಕುತ್ತಾರೆ ಅಂತ 2009ರ ಮಿನ್ನೆಸೋಟ ಅಧ್ಯಯನ ಹೇಳಿತ್ತು. ಆದರೆ 2014ರಲ್ಲಿ 96 ಸಾವಿರಕ್ಕೂ ಹೆಚ್ಚು ಅಮೆರಿಕನ್ ದಾನಿಗಳ ಲೆಕ್ಕ ಬಂತು. ಜೀವಮಾನದಲ್ಲಿ ಕಿಡ್ನಿ ಪೂರ್ತಿ ಸೋಲುವ ಅಂದಾಜು, 10,000 ದಾನಿಗಳಲ್ಲಿ 90 ಮಂದಿಗೆ. ಅಷ್ಟೇ ಆರೋಗ್ಯವಂತರಾಗಿದ್ದು ಕೊಡದವರಲ್ಲಿ 14. ತಪಾಸಣೆಯೇ ಆಗದ ಸಾಮಾನ್ಯ ಜನರಲ್ಲಿ 326. ಅಪಾಯ ಸಣ್ಣದು ನಿಜ, ಸೊನ್ನೆ ಅಲ್ಲ. ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿದರೆ ಬಹುಪಾಲು ಮುಂಚೆಯೇ ಗೊತ್ತಾಗುತ್ತದೆ.

ಅವ್ವ, ಹೆಂಡತಿಯರ ಮೇಲಿನ ಈ ಭಾರ ಇಳಿಯಬೇಕಾದರೆ ದಾರಿ ಒಂದೇ, ಮಿದುಳು ಸತ್ತವರ ಅಂಗದಾನ. 2023ರಲ್ಲಿ ಇಡೀ ದೇಶದಲ್ಲಿ ಹಾಗೆ ಕೊಟ್ಟ ಕುಟುಂಬಗಳು 1,099, ಕರ್ನಾಟಕದಲ್ಲಿ 178. ಒಬ್ಬರಿಂದ ಎರಡು ಕಿಡ್ನಿ, ಅಂದರೆ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ಕೊಯ್ಯೋದು ತಪ್ಪುತ್ತದೆ.

ವಿಜಯಪುರಕ್ಕೆ ಇದು ಯಾಕೆ ದೂರ? 1956ರವರೆಗೆ ನಾವು ಮುಂಬೈ ಪ್ರಾಂತದವರು. ದೊಡ್ಡ ಕಾಯಿಲೆ ಅಂದರೆ ಮೀರಜಿನ ಮಿಷನ್ ಆಸ್ಪತ್ರೆ, ಸೊಲ್ಲಾಪುರ, ಪುಣೆ ಅನ್ನುವ ಹಳೇ ರೂಢಿ ಇನ್ನೂ ಇದೆ. ಊರಲ್ಲೇ 80ರ ದಶಕದಿಂದ ಎರಡು ವೈದ್ಯಕೀಯ ಕಾಲೇಜುಗಳಿವೆ. ದೂರ ನಿಜವಾದ ತಡೆಯಲ್ಲ. ಹೃದಯಕ್ಕೆ ನಾಲ್ಕಾರು ಗಂಟೆ ಅವಧಿಯಾದರೆ, ಐಸಿನಲ್ಲಿಟ್ಟ ಕಿಡ್ನಿ ಒಂದು ದಿನ ತಡೆಯುತ್ತದೆ. ಬೆಳಗಾವಿ 200 ಕಿ.ಮೀ. ಆಸುಪಾಸು. ಬೇಕಾಗಿರೋದು ಐಸಿಯುನಲ್ಲಿ ಮಿದುಳಿನ ಸಾವನ್ನು ಗುರುತಿಸಿ, ಮನೆಯವರನ್ನು ಕೂರಿಸಿ, ಸಮಾಧಾನದಿಂದ ಕೇಳುವ ಒಬ್ಬರು. ಕೇಳಲೇಬೇಕು ಅಂತ 2011ರ ತಿದ್ದುಪಡಿಯೇ ಹೇಳುತ್ತದೆ.

'ಮೈ ಇಡಿಯಾಗಿ ಹೋಗಬೇಕು' ಅನ್ನುವ ಅಳುಕನ್ನು ನಾನು ಹಗುರವಾಗಿ ನೋಡಲ್ಲ. ಆದರೆ ನಮ್ಮ ಕಡೆಯ ಜನ ದೇಹದ ಬಗ್ಗೆ ಹೊಸ ಮಾತು ಕೇಳದವರೇನಲ್ಲ. ತಿಕೋಟಾ ಹತ್ತಿರದ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡಾಗ, ಹೂಳುವುದು ಬೇಡ, ಬೆಂಕಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ಅದು ಅಂಗದಾನದ ಮಾತಲ್ಲ, ದೇಹಕ್ಕೆ ಅಂಟಿಕೊಳ್ಳದಿರುವ ಮಾತು. ಲಕ್ಷಗಟ್ಟಲೆ ಜನ ಅದನ್ನು ತಲೆಬಾಗಿ ಒಪ್ಪಿದರು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಮನೆಯವರು ಅಂಗಾಂಗ ಕೊಟ್ಟರು. ಇಡೀ ರಾಜ್ಯ ಅತ್ತಿತು, ಯಾರೂ ತಪ್ಪು ಅನ್ನಲಿಲ್ಲ.

2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ, ಕಾಯುವ ಪಟ್ಟಿಯಲ್ಲಿರುವ ಹೆಣ್ಣುಮಕ್ಕಳಿಗೆ ಮತ್ತು ಹಿಂದೆ ಅಂಗದಾನ ಮಾಡಿದ ಮೃತರ ಸಂಬಂಧಿಕರಿಗೆ ಆದ್ಯತೆ ಕೊಡಿ ಅಂತ ರಾಜ್ಯಗಳಿಗೆ ಸೂಚಿಸಿತು. ತಡವಾಗಿಯಾದರೂ ಕೊಟ್ಟವರ ಲೆಕ್ಕ ಹಿಡಿಯುವ ಒಂದು ಪ್ರಯತ್ನ.

ಆನ್‌ಲೈನಿನಲ್ಲಿ ಪ್ರತಿಜ್ಞೆ ಮಾಡೋಕೆ ಐದು ನಿಮಿಷ ಸಾಕು, ಮಾಡಿ. ಆದರೆ ನಮ್ಮಲ್ಲಿ ಕೊನೆಗೆ ಹೂಂ ಅನ್ನಬೇಕಾದವರು ಮನೆಯವರು, ಹಾಗಾಗಿ ಊಟದ ಹೊತ್ತಲ್ಲಿ ಅವರಿಗೂ ಹೇಳಿ. ಮತ್ತೆ ನಿಮ್ಮ ಬಳಗದಲ್ಲಿ ಯಾರಿಗಾದರೂ ಕಿಡ್ನಿ ಕೊಟ್ಟ ಅವ್ವನೋ ಅಕ್ಕನೋ ಅತ್ತಿಗೆಯೋ ಇದ್ದರೆ, ಆಕೆಯ ಬಿಪಿ ಕೊನೆಗೆ ನೋಡಿಸಿದ್ದು ಯಾವಾಗ ಅಂತ ಈ ವಾರ ಒಂದು ಫೋನ್ ಮಾಡಿ ಕೇಳಿ.