ಕೂಡಲೂರು ಹರಿಹರವಾದುದು

ನಾನಿರುವ ನಿಟ್ಟುವಳ್ಳಿಗೆ ಸಮೀಪದ ಹರಿಹರವನ್ನು ಶಾಸನಗಳು ಕೂಡಲೂರೆಂದು ಕರೆದಿವೆ. ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಠಾವು ಅದು. ಆದುದರಿಂದ ಆ ಹೆಸರು. ಅದು ಗುಹಾಸುರನ ಪಟ್ಟಣವಾಗಿತ್ತೆಂದೂ ಅವನ ವಧೆಗಾಗಿ ಹರಿಯೂ ಹರನೂ ಒಂದೇ ದೇಹವನ್ನು ತಾಳಿದರೆಂದೂ ಸ್ಥಳಪುರಾಣ ಹೇಳುತ್ತದೆ.

ಇತಿಹಾಸ ಹೇಳುವುದಿಷ್ಟು: 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಸೋಮನಾಥಪುರದ ಗುಡಿಯನ್ನು ಕಟ್ಟಿಸಿದ ಸೋಮ ದಂಡನಾಯಕನೇ 1268ರಲ್ಲಿ ಇದಕ್ಕೆ ಗೋಪುರವನ್ನು ಸೇರಿಸಿದನು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವ ವೈಷ್ಣವರು ವಾದಕ್ಕೆ ನಿಲ್ಲುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಊರಿನ ಹೆಸರು ದೇವರ ಹೆಸರಿನಲ್ಲಿ ಮರೆಯಾಯಿತು. ಹಳೆಯ ಹೆಸರಿನ ಅರ್ಥ ಮಾತ್ರ ಅಳಿಯಲಿಲ್ಲವೆಂದೇ ನಾನು ತಿಳಿಯುತ್ತೇನೆ. ನೀರು ಕೂಡಿದ ಕಡೆಯಲ್ಲಿಯೇ ದೈವಗಳೂ ಕೂಡಿದುವು. ಅಲ್ಲಿ ನಿಂತು ಇಂದು ನಾವು ಭೇದವೆಣಿಸಿದರೆ ಎರಡು ಹೆಸರುಗಳಿಗೂ ಅಪಚಾರ.