ಅದೇ ರೈಲು, ಅದೇ 3:10: ವೆಸ್ಟರ್ನ್ ಸಿನಿಮಾಗಳನ್ನ ಮತ್ತೆ ಮತ್ತೆ ಯಾಕೆ ಮಾಡ್ತಾರೆ?

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಒಂದು ರೈಲು ಬರಬೇಕು. ಅದು ಬರೋ ತನಕ ಒಬ್ಬ ಡಕಾಯಿತನನ್ನು ಹೋಟೆಲ್ ರೂಮಿನಲ್ಲಿ ಕೂಡಿಹಾಕಿ ಕಾಯಬೇಕು. ಹೊರಗೆ ರಸ್ತೆಯಲ್ಲಿ ಅವನ ಗ್ಯಾಂಗ್ ನಿಂತಿದೆ. ರೈಲು ಹತ್ತಿಸಿದರೆ ಅವನು ಯೂಮಾ ಜೈಲಿಗೆ, ಹತ್ತಿಸದಿದ್ದರೆ ಕಾಯೋನು ಮಸಣಕ್ಕೆ.

ಎಲ್ಮೋರ್ ಲೆನಾರ್ಡ್ 1953ರಲ್ಲಿ 'ಡೈಮ್ ವೆಸ್ಟರ್ನ್' ಅನ್ನೋ ಅಗ್ಗದ ಕಥಾ ಪತ್ರಿಕೆಗೆ ಬರೆದ ಸಣ್ಣ ಕಥೆ ಇದು. ಇದರಿಂದ ಎರಡು ಒಳ್ಳೆ ಸಿನಿಮಾಗಳು ಬಂದಿವೆ. ಒಂದು 1957ರದ್ದು, ಇನ್ನೊಂದು 2007ರದ್ದು. ಎರಡರ ಹೆಸರೂ '3:10 ಟು ಯೂಮಾ'. ನಡುವೆ ಸರಿಯಾಗಿ 50 ವರ್ಷ. ವೆಸ್ಟರ್ನ್‌ಗಳ ಕಾಲ ಮುಗೀತು ಅಂತ ಆಗಾಗ ಯಾರಾದರೂ ಷರಾ ಬರೀತಾನೇ ಇರ್ತಾರೆ, ಆದ್ರೂ ಹಳೇ ಕಥೆಗಳು ಯಾಕೆ ವಾಪಸ್ ಬರ್ತವೆ ಅನ್ನೋದಕ್ಕೆ ಈ ಜೋಡಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ವೆಸ್ಟರ್ನ್ ಅಂದ್ರೆ ಏನು ಅನ್ನೋದು. ಅಮೆರಿಕದ ಅಂತರ್ಯುದ್ಧ ಮುಗಿದ 1865ರಿಂದ ಹಿಡಿದು ಆ ಶತಮಾನದ ಕೊನೆವರೆಗೆ, ಪಶ್ಚಿಮದ ಬಯಲು, ಮರುಭೂಮಿಗಳಲ್ಲಿ ನಡೆಯೋ ಕಥೆಗಳಿವು. ತಮಾಷೆ ಅಂದ್ರೆ ಈ ಪ್ರಕಾರಕ್ಕೆ ದಾರಿ ಹಾಕಿಕೊಟ್ಟ 1903ರ 'ದಿ ಗ್ರೇಟ್ ಟ್ರೇನ್ ರಾಬರಿ'ಯ ಹೆಚ್ಚಿನ ಭಾಗ ಶೂಟ್ ಆಗಿದ್ದು ಪೂರ್ವದ ನ್ಯೂಜೆರ್ಸಿಯಲ್ಲಿ! ಟೋಪಿ, ಕುದುರೆ, ಪಿಸ್ತೂಲು ಎಲ್ಲ ಹೊರಗಿನ ವೇಷ. ಇಂಜಿನಿಯರಿಂಗ್ ಓದಿದ ಕರ್ಮಕ್ಕೆ ನನಗಿದು ಬೌಂಡರಿ ಕಂಡೀಷನ್‌ಗಳ ಲೆಕ್ಕದ ಹಾಗೆ ಕಾಣುತ್ತೆ: ಒಂದು ಪುಟ್ಟ ಊರು, ಕೈಗೆ ಸಿಗದಷ್ಟು ದೂರದಲ್ಲಿರೋ ಸರ್ಕಾರ, ಕಡಿಮೆ ಸಮಯ. ಇಷ್ಟನ್ನ ಹಾಗೇ ಇಟ್ಟು, ಒಳಗಿರೋ ಮನುಷ್ಯನನ್ನ ಬದಲಾಯಿಸಿದರೆ ಉತ್ತರವೂ ಬೇರೆ ಬರುತ್ತೆ.

ಡೆಲ್ಮರ್ ಡೇವ್ಸ್ ನಿರ್ದೇಶಿಸಿದ 1957ರ ಚಿತ್ರದಲ್ಲಿ ಕಾವಲು ಕಾಯೋನು ಡ್ಯಾನ್ ಇವಾನ್ಸ್ (ವ್ಯಾನ್ ಹೆಫ್ಲಿನ್), ಬರದಿಂದ ಸೋತ ರೈತ. ದನಗಳು ಸಾಯ್ತಿವೆ. ಪಕ್ಕದವನ ಜಮೀನಿನ ನೀರು ಬಳಸೋಕೆ 200 ಡಾಲರ್ ಬೇಕು. ಸಾರೋಟು ಕಂಪನಿ ಮಾಲೀಕ ಅಷ್ಟೇ ದುಡ್ಡು ಕೊಡ್ತೀನಿ ಅಂತಾನೆ. ಹಾಗಾಗಿ ಬೆನ್ ವೇಡ್ (ಗ್ಲೆನ್ ಫೋರ್ಡ್) ಅನ್ನೋ ಮಾತುಗಾರ ಡಕಾಯಿತನ ಎದುರು ಬಂದೂಕು ಹಿಡಿದು ಕೂರ್ತಾನೆ. ಚಿತ್ರದ ಜೀವ ಇರೋದು ಆ ಹೋಟೆಲ್ ರೂಮಿನಲ್ಲೇ. ವೇಡ್ ಗುಂಡು ಹಾರಿಸಲ್ಲ, ರೇಟು ಏರಿಸ್ತಾ ಹೋಗ್ತಾನೆ. ಅಷ್ಟರಲ್ಲಿ ಜೊತೆಗಿದ್ದ ಊರ ಕುಡುಕನನ್ನ ಗ್ಯಾಂಗಿನವರು ನೇಣು ಹಾಕ್ತಾರೆ. ಸಾರೋಟು ಮಾಲೀಕನೇ ಬಂದು, ದುಡ್ಡು ಕೊಡ್ತೀನಿ, ಬಿಟ್ಟು ಮನೆಗೆ ಹೋಗು ಅಂದಾಗ ಇವಾನ್ಸ್ ಹೋಗಲ್ಲ. ಆ ಕುಡುಕ ಸತ್ತಿದ್ದಕ್ಕೆ ಅರ್ಥ ಇರಬೇಕು ಅನ್ನೋದು ಅವನ ಹಟ. ಕೊನೆಗೆ ಇಬ್ಬರೂ ರೈಲು ಹತ್ತುತ್ತಾರೆ, ಮಳೆ ಬರುತ್ತೆ, ಹೆಂಡತಿ ಹಳಿ ಪಕ್ಕ ನಿಂತು ನೋಡ್ತಾಳೆ.

ಆ ಮಳೆ ನನಗೆ ಯಾವತ್ತೂ ಸ್ವಲ್ಪ ಅತಿ ಅನ್ಸುತ್ತೆ. ಆದ್ರೆ ಒಬ್ಬ ಬಡವ ಸರಿಯಾದ ಕೆಲಸ ಮಾಡಿದರೆ ಆಕಾಶವೂ ಜೊತೆ ಕೊಡುತ್ತೆ ಅಂತ ಹೇಳೋ ಧೈರ್ಯ 1957ರ ಹಾಲಿವುಡ್‌ಗೆ ಇತ್ತು.

ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶಿಸಿದ 2007ರ ಚಿತ್ರ ಅರ್ಧ ಗಂಟೆ ಉದ್ದ, ಗುಂಡಿನ ಸದ್ದೂ ಜಾಸ್ತಿ. ಆದ್ರೆ ನಿಜವಾದ ಬದಲಾವಣೆ ಇವಾನ್ಸ್‌ನದ್ದು (ಕ್ರಿಶ್ಚಿಯನ್ ಬೇಲ್). ಇಲ್ಲಿ ನೀರು ನಿಂತಿರೋದು ಬರದಿಂದ ಮಾತ್ರ ಅಲ್ಲ. ರೈಲು ಬರ್ತಿದೆ, ಜಾಗಕ್ಕೆ ಬೆಲೆ ಬರುತ್ತೆ ಅಂತ ಸಾಲ ಕೊಟ್ಟವನು ಹಳ್ಳಕ್ಕೇ ಕಟ್ಟೆ ಹಾಕಿದ್ದಾನೆ, ಕೊಟ್ಟಿಗೆ ಸುಡಿಸಿದ್ದಾನೆ. ಇವಾನ್ಸ್‌ಗೆ 200 ಡಾಲರ್ ಕೊಡೋನು ಅದೇ ರೈಲ್ವೆಯ ಕಡೆಯವನು. ಯುದ್ಧದಲ್ಲಿ ಕಾಲು ಕಳ್ಕೊಂಡಿದ್ದಕ್ಕೆ ಸರ್ಕಾರ ಕೊಟ್ಟಿದ್ದು 198 ಡಾಲರ್ 36 ಸೆಂಟ್. ಆ ಕಾಲು ಹೋಗಿದ್ದೂ ಶತ್ರುವಿನ ಗುಂಡಿಗಲ್ಲ, ತನ್ನವರದ್ದೇ ಗುಂಡಿಗೆ. ಮಗನಿಗೆ ಹೇಳ್ಕೊಳ್ಳೋಕೆ ಒಂದು ಕಥೆಯೂ ಇಲ್ಲದ ಅಪ್ಪ ಅವನು.

ಇನ್ನೊಂದು ವಿವರ ಗಮನಿಸಿ. ವೇಡ್‌ನ (ರಸೆಲ್ ಕ್ರೋ) ಬಂಟ ಚಾರ್ಲಿ ಪ್ರಿನ್ಸ್ ಊರಿನ ರಸ್ತೆಯಲ್ಲಿ ನಿಂತು, ಕಾವಲಿನವರಲ್ಲಿ ಒಬ್ಬನನ್ನ ಕೊಂದವನಿಗೆ 200 ಡಾಲರ್ ಅಂತ ಕೂಗ್ತಾನೆ. ಕಾನೂನು ಕೊಡೋ ರೇಟೂ ಡಕಾಯಿತ ಕೊಡೋ ರೇಟೂ ಒಂದೇ! ಊರಿನವರು ಬಂದೂಕು ಎತ್ಕೊಂಡು ಹೊರಗೆ ಬರ್ತಾರೆ. ಹಳೇ ಚಿತ್ರದ ಜನ ಹೆದರಿ ಬಾಗಿಲು ಹಾಕ್ಕೊಂಡಿದ್ದರು, ಇಲ್ಲಿನವರು ಬಾಗಿಲು ತೆಗೆದು ಗುಂಡು ಹಾರಿಸ್ತಾರೆ. ಇವಾನ್ಸ್ ಅವನನ್ನ ರೈಲು ಹತ್ತಿಸ್ತಾನೆ, ಪ್ಲಾಟ್‌ಫಾರ್ಮಿನಲ್ಲೇ ಸಾಯ್ತಾನೆ. ವೇಡ್ ತನ್ನ ಗ್ಯಾಂಗನ್ನೇ ಕೊಂದು, ತಾನಾಗೇ ಮತ್ತೆ ರೈಲು ಹತ್ತಿ, ಕಿಟಕಿಯಿಂದ ಶಿಳ್ಳೆ ಹೊಡೆದು ಕುದುರೆ ಕರೀತಾನೆ. ಮಳೆ ಇಲ್ಲ.

ಅಂದ್ರೆ ರೀಮೇಕ್ ಹಳೇ ಚಿತ್ರವನ್ನ ತಿದ್ದಲಿಲ್ಲ. ಸರ್ಕಾರ, ಕಂಪನಿ, ಊರು ಯಾರನ್ನೂ ನಂಬದ ಕಾಲದಲ್ಲಿ ಅದೇ ಪ್ರಶ್ನೆ ಕೇಳ್ತು, ಬೇರೆ ಉತ್ತರ ಬಂತು. ನನಗೆ ಇವತ್ತಿಗೂ 1957ರದ್ದೇ ಹೆಚ್ಚು ಇಷ್ಟ. ಆದ್ರೆ 2007ರದ್ದನ್ನ ನೋಡಿದ ಮೇಲೆ ಆ ಮಳೆಯನ್ನ ಮೊದಲಿನಷ್ಟು ಸಲೀಸಾಗಿ ನೋಡೋಕೆ ಆಗಲ್ಲ.

ಒಂದು ಚಿತ್ರ ಇನ್ನೊಂದಕ್ಕೆ ಹೀಗೆ ಮಾರುತ್ತರ ಕೊಡೋದು ವೆಸ್ಟರ್ನ್‌ಗಳಲ್ಲಿ ಹಳೇ ಚಾಳಿ. 1952ರ 'ಹೈ ನೂನ್'ನಲ್ಲೂ ಒಂದು ರೈಲು, ಒಂದು ಗಡಿಯಾರ. ಸಹಾಯ ಕೇಳ್ಕೊಂಡು ಮಾರ್ಷಲ್ ಊರೆಲ್ಲ ಸುತ್ತಿದರೂ ಯಾರೂ ಬರಲ್ಲ. ಅದನ್ನ ಬರೆದ ಕಾರ್ಲ್ ಫೋರ್ಮನ್ ಅದೇ ಹೊತ್ತಿಗೆ ಕಮ್ಯುನಿಸ್ಟರನ್ನ ಹುಡುಕ್ತಿದ್ದ ಸಂಸದೀಯ ಸಮಿತಿ ಮುಂದೆ ನಿಲ್ಲಬೇಕಾಗಿ ಬಂದು, ಹಾಲಿವುಡ್‌ನ ಕಪ್ಪುಪಟ್ಟಿ ಸೇರಿದ. ಮಾರ್ಷಲ್ ಹಾಗೆ ಅಂಗಲಾಚೋದು ಹೊವಾರ್ಡ್ ಹಾಕ್ಸ್‌ಗೂ ಜಾನ್ ವೇನ್‌ಗೂ ಹಿಡಿಸಲಿಲ್ಲ. ಉತ್ತರವಾಗಿ 1959ರಲ್ಲಿ 'ರಿಯೊ ಬ್ರಾವೊ' ಬಂತು. ಅದರ ಶೆರಿಫ್ ಜನ ಸಹಾಯಕ್ಕೆ ಬಂದರೂ ಬೇಡ ಅಂತಾನೆ. ಹಾಕ್ಸ್ ಅದೇ ಸಾಮಾನು ಇಟ್ಕೊಂಡು 'ಎಲ್ ಡೊರಾಡೊ', 'ರಿಯೊ ಲೋಬೊ' ಕೂಡ ಮಾಡಿದ. ಮೂರನೇದನ್ನ ನೀವು ಬಿಟ್ಟರೂ ನಷ್ಟ ಇಲ್ಲ.

ಕೋಯೆನ್ ಸಹೋದರರ 'ಟ್ರೂ ಗ್ರಿಟ್' (2010) ದಾರಿ ಬೇರೆ. 1969ರ ಚಿತ್ರ ಜಾನ್ ವೇನ್‌ಗೆ ಅವನ ಏಕೈಕ ಆಸ್ಕರ್ ಕೊಡಿಸಿತ್ತು, ಚಿತ್ರವೂ ಪೂರ್ತಿ ಅವನದ್ದೇ. ಕೋಯೆನ್‌ಗಳು ಚಾರ್ಲ್ಸ್ ಪೋರ್ಟಿಸ್‌ನ 1968ರ ಕಾದಂಬರಿಗೆ ವಾಪಸ್ ಹೋಗಿ, ಅಪ್ಪನ ಕೊಲೆಗಾರನನ್ನ ಹುಡುಕ್ಕೊಂಡು ಹೊರಟ ಹುಡುಗಿಗೇ ಕಥೆ ಹೇಳೋಕೆ ಬಿಟ್ಟರು. ಸೇಡು ತೀರುತ್ತೆ, ಅವಳ ಒಂದು ತೋಳು ಹೋಗುತ್ತೆ. ಜಗತ್ತಿನಾದ್ಯಂತ 25 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಚಿತ್ರ ಇದು. ಅದೇ 2016ರ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ನೋಡಿ: ಏಳು ಜನರಲ್ಲಿ ಕಪ್ಪು ನಾಯಕ, ಕೊರಿಯಾದವನು, ಕೊಮಾಂಚಿ, ಮೆಕ್ಸಿಕನ್ ಎಲ್ಲ ಇದ್ದಾರೆ, ವಿಲನ್ ಗಣಿ ಧಣಿ (ನಮಗೇನು ಹೊಸಬನಲ್ಲ). ಆದ್ರೆ 1960ರದ್ದರಲ್ಲಿದ್ದ ಬೇಗುದಿ, ಅಂದ್ರೆ ಬಂದೂಕಿನವರು ಬಂದು ಹೋಗ್ತಾರೆ, ಕೊನೆಗೆ ಉಳಿಯೋದು ರೈತರು ಮಾತ್ರ ಅನ್ನೋದು, ಗುಂಡಿನ ಹೊಗೆಯಲ್ಲಿ ಕಳೆದೇ ಹೋಯ್ತು.

ಆ 1960ರ ಚಿತ್ರವೂ ಸ್ವಂತದ್ದಲ್ಲ, ಕುರೊಸಾವಾನ 'ಸೆವೆನ್ ಸಮುರಾಯ್' (1954). ಸರ್ಜಿಯೊ ಲಿಯೋನೆ 1964ರಲ್ಲಿ ಕುರೊಸಾವಾನದ್ದೇ 'ಯೊಜಿಂಬೊ'ವನ್ನ ಕೇಳದೇ ಎತ್ಕೊಂಡು 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿ, ಕೇಸು ಬಿದ್ದು, ಗಳಿಕೆಯಲ್ಲಿ ಶೇ 15ರಷ್ಟು ಜಪಾನಿನವರಿಗೆ ಬಿಟ್ಟುಕೊಡಬೇಕಾಯ್ತು. ಲೆಕ್ಕ ಚುಕ್ತಾ ಮಾಡೋ ಹಾಗೆ ಜಪಾನಿನವರು 2013ರಲ್ಲಿ ಈಸ್ಟ್‌ವುಡ್‌ನ 'ಅನ್‌ಫರ್ಗಿವನ್' (1992) ಅನ್ನು ಸಮುರಾಯ್ ಕಥೆಯಾಗಿ ಮತ್ತೆ ಮಾಡಿದರು.

ಈ ಓಡಾಟದಲ್ಲಿ ಒಂದು ನಿಲ್ದಾಣ ನಮ್ಮ ಪಕ್ಕದಲ್ಲೇ ಇದೆ, ರಾಮನಗರ. 'ಶೋಲೆ'ಗೆ (1975) ಬಾಡಿಗೆ ಬಂಟರ ಕಥೆ ಬಂದಿದ್ದು ಆ ಏಳು ಜನರಿಂದ. ಠಾಕೂರ್ ಕುಟುಂಬದ ಹತ್ಯೆಯ ದೃಶ್ಯದಲ್ಲಿ ಲಿಯೋನೆಯ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಎದ್ದು ಕಾಣುತ್ತೆ. ಬೆಂಗಳೂರು–ಮೈಸೂರು ದಾರಿಯಲ್ಲಿ ಆ ಬಂಡೆಗಳನ್ನ ನೋಡಿದಾಗೆಲ್ಲ ಗಬ್ಬರ್‌ನನ್ನ ನೆನೆಸಿಕೊಳ್ಳೋದು ನಾನೊಬ್ಬನೇ ಅಲ್ಲ. ರಮೇಶ್ ಸಿಪ್ಪಿ ಮೊದಲು ಶೂಟ್ ಮಾಡಿದ ಅಂತ್ಯದಲ್ಲಿ ಕೈಯಿಲ್ಲದ ಠಾಕೂರ್, ಮಾಜಿ ಪೊಲೀಸ್ ಅಧಿಕಾರಿ, ಗಬ್ಬರ್‌ನನ್ನ ಮೊಳೆ ಬಡಿದ ಬೂಟಿನಿಂದ ತುಳಿದು ಕೊಲ್ತಾನೆ. ತುರ್ತು ಪರಿಸ್ಥಿತಿಯ ಕಾಲ ಅದು. ಪೊಲೀಸನಾಗಿದ್ದವನು ಕಾನೂನು ಕೈಗೆತ್ತಿಕೊಳ್ಳೋ ಹಾಗಿಲ್ಲ ಅಂತ ಸೆನ್ಸಾರ್ ಮಂಡಳಿ ಪಟ್ಟು ಹಿಡೀತು. ಅಂತ್ಯ ಮತ್ತೆ ಶೂಟ್ ಆಯ್ತು, ಪೊಲೀಸರು ಬಂದು ತಡೆದರು. ನಾವೆಲ್ಲ ನೋಡಿ ಬೆಳೆದಿದ್ದು ಅದನ್ನೇ.

ಚಿತ್ರಕ್ಕೆ 50 ವರ್ಷ ತುಂಬಿದಾಗ, 2025ರಲ್ಲಿ, ಪುನರುಜ್ಜೀವನಗೊಳಿಸಿದ ಪ್ರತಿ ಹೊರಬಂತು. ಅದರಲ್ಲಿ ಠಾಕೂರ್‌ನನ್ನ ತಡೆಯೋಕೆ ಪೊಲೀಸರು ಬರಲ್ಲ.