ಮಧುಮೇಹಿಗಳ ಮಿತಪಿಷ್ಟ ಆಹಾರ: ಸಕ್ಕರೆ ಇಳಿಯಲಿ, ಮೈ ಇಳಿಯದಿರಲಿ

ಮಾಟುಂಗ ಪರಿಸರದ ಕನ್ನಡಿಗರ ಅಡುಗೆಮನೆಯಲ್ಲಿ ಅಕ್ಕಿಗೆ ಇರುವ ಸ್ಥಾನ ಹಿರಿದು. ಬೆಳಿಗ್ಗೆ ಇಡ್ಲಿ ಅಥವಾ ನೀರುದೋಸೆ, ಮಧ್ಯಾಹ್ನ ಅನ್ನ-ಸಾರು, ಸಂಜೆಗೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ ಅಥವಾ ಗಂಜಿ. ಕಿಂಗ್ಸ್ ಸರ್ಕಲ್‌ನಲ್ಲಿ 1940ರಲ್ಲಿ ಆರಂಭಗೊಂಡ ಕೆಫೆ ಮದ್ರಾಸ್, ಮಾಟುಂಗ ರೈಲು ನಿಲ್ದಾಣದ ಬಳಿ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮೊದಲಾದವು ಈ ರುಚಿಯನ್ನು ಮುಂಬಯಿ ಮಹಾನಗರಕ್ಕೇ ಹಂಚಿದವು. ಇಂತಹ ಮನೆಯೊಂದರಲ್ಲಿ ಮಧುಮೇಹ ಪತ್ತೆಯಾದಾಗ ವೈದ್ಯರು ಮೊದಲು ಹೇಳುವ ಮಾತು, "ಅನ್ನ ಕಡಿಮೆ ಮಾಡಿ" ಎಂಬುದು.

ಮಾತು ಸರಿಯಾದುದೇ. ಅದನ್ನು ನಿಷ್ಠೆಯಿಂದ ಪಾಲಿಸಿದವರ ರಕ್ತದ ಸಕ್ಕರೆ ಹತೋಟಿಗೆ ಬರುವುದೂ ಉಂಟು. ಆದರೆ ಮೊದಲೇ ಸಣಕಲು ಮೈಯವರಾದರೆ, ಅದರಲ್ಲೂ ಅರುವತ್ತು ದಾಟಿದವರಾದರೆ, ಕೆಲವು ತಿಂಗಳಲ್ಲಿ ಅಂಗಿ ಸಡಿಲವಾಗುತ್ತದೆ, ಕೆನ್ನೆ ಗುಳಿ ಬೀಳುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ. ಕಂಡವರೆಲ್ಲ "ಏನಾಯಿತು?" ಎಂದು ಕೇಳತೊಡಗುತ್ತಾರೆ. ದಪ್ಪ ಮೈಯವರಿಗೆ ತೂಕ ಇಳಿಯುವುದು ಲಾಭ. ಇವರಿಗೆ ಅದು ನಷ್ಟ. ಈ ಎರಡನೆಯ ವರ್ಗದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಸ್ಥೂಲರು ಮತ್ತು ಕೃಶರು

ಮಧುಮೇಹಿಗಳಲ್ಲಿ ಸ್ಥೂಲರು, ಕೃಶರು ಎಂಬ ಎರಡು ಬಗೆಯಿದ್ದಾರೆಂದೂ, ಕೃಶರಿಗೆ ಪುಷ್ಟಿ ನೀಡುವ ಚಿಕಿತ್ಸೆಯೇ ಯುಕ್ತವೆಂದೂ ಚರಕಸಂಹಿತೆಯಲ್ಲಿ ಹೇಳಲಾಗಿದೆ. ಪಾಶ್ಚಾತ್ಯ ವೈದ್ಯಕೀಯವೂ ಈ ಪಾಠವನ್ನು ಕಷ್ಟಪಟ್ಟು ಕಲಿತಿದೆ. ಇನ್ಸುಲಿನ್ ಚಿಕಿತ್ಸೆ 1922ರಲ್ಲಿ ಆರಂಭವಾಗುವ ಮೊದಲು ರೋಗಿಗಳನ್ನು ಅರೆಹೊಟ್ಟೆಯಲ್ಲಿರಿಸಿ ಸಕ್ಕರೆ ತಗ್ಗಿಸುವ ಕ್ರಮವಿತ್ತು. ಸಕ್ಕರೆ ತಗ್ಗುತ್ತಿತ್ತು, ರೋಗಿ ಮೂಳೆಯ ಹಂದರವಾಗುತ್ತಿದ್ದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟಗೊಂಡ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವಿದೆ. ಇವರೆಲ್ಲರೂ ದಪ್ಪ ಮೈಯವರಲ್ಲ. ಆದುದರಿಂದ ಎಲ್ಲರಿಗೂ ಒಂದೇ ಊಟದ ಚೀಟಿ ಹೊಂದುವುದಿಲ್ಲ.

ನಮ್ಮವರಿಗೆ ದೇಹತೂಕದ ಸೂಚ್ಯಂಕ 18.5ರಿಂದ 22.9ರ ಒಳಗಿದ್ದರೆ ಯೋಗ್ಯ. 165 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 50ರಿಂದ 62 ಕಿಲೋ. ಇದರ ಕೆಳಅಂಚಿನಲ್ಲಿರುವವರು ಇನ್ನೂ ಇಳಿಯಬಾರದು.

ತೂಕ ಏಕೆ ಇಳಿಯುತ್ತದೆ?

ಕಾರಣ ತಿಳಿಯದೆ ಪರಿಹಾರವಿಲ್ಲ. ಸಾಮಾನ್ಯವಾಗಿ ನಾಲ್ಕು ಸಂದರ್ಭಗಳನ್ನು ಗಮನಿಸಬೇಕು.

ಒಂದು: ಶರ್ಕರಪಿಷ್ಟ ಕಡಿಮೆ ಮಾಡಿದ ಮೊದಲ ಒಂದೆರಡು ವಾರದಲ್ಲಿ ಇಳಿಯುವ ಒಂದೆರಡು ಕಿಲೋ ಬಹುಮಟ್ಟಿಗೆ ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾದ ಗ್ಲೈಕೋಜನ್ ತನ್ನೊಡನೆ ನೀರನ್ನೂ ಹಿಡಿದಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ. ಇದಕ್ಕೆ ಗಾಬರಿ ಬೇಡ.

ಎರಡು: ಸಕ್ಕರೆ ಹತೋಟಿಯಲ್ಲಿದೆ, ತೂಕ ಮಾತ್ರ ವಾರವಾರವೂ ಇಳಿಯುತ್ತಿದೆ ಎಂದಾದರೆ ಬಹುಶಃ ಊಟ ಸಾಲುತ್ತಿಲ್ಲ. ಅನ್ನವನ್ನು ತೆಗೆದರು, ಅದರ ಜಾಗಕ್ಕೆ ಏನನ್ನೂ ತರಲಿಲ್ಲ.

ಮೂರು: ಸಕ್ಕರೆ ಏರಿಯೇ ಇದೆ, ಬಾಯಾರಿಕೆ ಹೆಚ್ಚು, ಪದೇ ಪದೇ ಮೂತ್ರ, ಜೊತೆಗೆ ತೂಕ ಇಳಿಯುತ್ತಿದೆ. ಇದು ಇನ್ಸುಲಿನ್ ಕೊರತೆಯ ಲಕ್ಷಣವಾಗಿರಬಹುದು. ಇಲ್ಲಿ ಊಟವನ್ನು ಇನ್ನಷ್ಟು ಕಡಿತಗೊಳಿಸುವುದು ಅಪಾಯಕರ. ವೈದ್ಯರನ್ನು ತಡಮಾಡದೆ ಕಾಣಬೇಕು.

ನಾಲ್ಕು: ಸಕ್ಕರೆಯೂ ಸರಿ, ಊಟವೂ ಸರಿ, ಆದರೂ ತೂಕ ನಿಲ್ಲದು. ಆಗ ಥೈರಾಯ್ಡ್, ಕ್ಷಯ, ಮೇದೋಜೀರಕ ಗ್ರಂಥಿಯ ತೊಂದರೆ ಮುಂತಾದವುಗಳ ಪರೀಕ್ಷೆ ಅಗತ್ಯ. ಆರು ತಿಂಗಳಿಂದ ಒಂದು ವರ್ಷದೊಳಗೆ ಬಯಸದೆ ಶೇ. 5ರಷ್ಟು, ಅಂದರೆ 60 ಕಿಲೋ ಇದ್ದವರು 3 ಕಿಲೋ ಇಳಿದರೆ, "ಪಥ್ಯದಿಂದ ಇರಬಹುದು" ಎಂದು ಸುಮ್ಮನಿರಬಾರದು.

ತೆಗೆದುದರ ಬದಲಿಗೆ ಏನು?

ಲೆಕ್ಕ ಸರಳವಾಗಿದೆ. ಶರ್ಕರಪಿಷ್ಟ ಮತ್ತು ಪ್ರೋಟೀನು ಗ್ರಾಂ ಒಂದಕ್ಕೆ 4 ಕ್ಯಾಲೊರಿ ಕೊಡುತ್ತವೆ, ಕೊಬ್ಬು 9 ಕೊಡುತ್ತದೆ. ದಿನಕ್ಕೆ 250 ಗ್ರಾಂ ಅಕ್ಕಿ-ಗೋಧಿ ಬಳಸುತ್ತಿದ್ದವರು ಅದನ್ನು 120 ಗ್ರಾಂಗೆ ಇಳಿಸಿದರೆಂದು ತಿಳಿಯೋಣ. ಆಗ ಸುಮಾರು 100 ಗ್ರಾಂ ಶರ್ಕರಪಿಷ್ಟದೊಡನೆ 450 ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಇದನ್ನು ತುಂಬಲು 30 ಗ್ರಾಂ ನೆಲಗಡಲೆ (170 ಕ್ಯಾಲೊರಿ), 50 ಗ್ರಾಂ ಪನೀರ್ (ಸುಮಾರು 140), ಒಂದು ಸಣ್ಣ ಬಟ್ಟಲು ಮೊಸರು (60), ಅಡುಗೆಗೆ ಎರಡು ಟೀ ಚಮಚ ಹೆಚ್ಚುವರಿ ಎಣ್ಣೆ (90) ಸಾಕಾಗುತ್ತದೆ. ಇವೆಲ್ಲವುಗಳಿಂದ ಬರುವ ಶರ್ಕರಪಿಷ್ಟ ಹತ್ತು ಗ್ರಾಂನ ಆಸುಪಾಸು ಮಾತ್ರ. ಪನೀರ್ ಒಲ್ಲದವರು ಎರಡು ಮೊಟ್ಟೆ, ಮೀನು ತಿನ್ನುವವರು ಬಂಗುಡೆ ಅಥವಾ ಬೂತಾಯಿ ಸೇರಿಸಿಕೊಳ್ಳಬಹುದು.

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟವಿರುವ ಊಟವನ್ನು ಸಾಮಾನ್ಯವಾಗಿ ಮಿತಪಿಷ್ಟ ಆಹಾರವೆನ್ನುತ್ತಾರೆ. ತೆಳ್ಳಗಿನವರು ಅದಕ್ಕಿಂತ ಬಹಳ ಕೆಳಗೆ ಇಳಿಯುವ ಉತ್ಸಾಹ ತೋರದಿರುವುದು ಲೇಸು.

ಅರುವತ್ತು ದಾಟಿದವರಿಗೆ ದೇಹತೂಕದ ಕಿಲೋ ಒಂದಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ದಿನವೂ ಬೇಕು. ಅದು ಮೂರು ಹೊತ್ತಿಗೂ ಹಂಚಿರಲಿ. ಹೆಸರುಬೇಳೆ ಕೋಸಂಬರಿ, ಕಡಲೆ ಗಸಿ, ಹುರುಳಿ ಸಾರು, ಮೊಳಕೆಕಾಳಿನ ಪಲ್ಯ ನಮ್ಮ ಮನೆಗಳಿಗೆ ಹೊಸತಲ್ಲ. ಅವು ಅನ್ನದ ಬದಿಯಿಂದ ಬಟ್ಟಲಿನ ನಡುವಿಗೆ ಬರಬೇಕು, ಅಷ್ಟೇ. ತೊಂಡೆ, ಹೀರೆ, ಬಸಳೆ, ಬೆಂಡೆ ಬೇಕಾದಷ್ಟು ಉಣ್ಣಬಹುದು. ಮೂತ್ರಪಿಂಡದ ತೊಂದರೆ ಉಳ್ಳವರು ಮಾತ್ರ ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಕೆಲವು ತಪ್ಪು ಕಲ್ಪನೆಗಳು

ಕುಚ್ಚಲಕ್ಕಿ, ರಾಗಿ, ಜೋಳ ಎಷ್ಟು ತಿಂದರೂ ಸರಿ ಎಂಬ ಭಾವನೆ ನಮ್ಮಲ್ಲಿದೆ. ಇವು ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಮೇಲಾದರೂ ಇವುಗಳ ತೂಕದಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಶರ್ಕರಪಿಷ್ಟವೇ ಆಗಿದೆ. ಉಪವಾಸದ ದಿನದ ಸಾಬುದಾಣೆ ಖಿಚಡಿಯಂತೂ ಬಹುತೇಕ ಬರಿಯ ಪಿಷ್ಟ. ಇನ್ನು ತೂಕ ಹೆಚ್ಚಿಸಲೆಂದು ತುಪ್ಪ, ತೆಂಗಿನೆಣ್ಣೆಗಳನ್ನೇ ಸುರಿದುಕೊಳ್ಳುವುದೂ ಸಲ್ಲದು. ಮಧುಮೇಹಿಗಳಿಗೆ ಹೃದ್ರೋಗದ ಭಯ ಹೆಚ್ಚಾದ್ದರಿಂದ ನೆಲಗಡಲೆ, ಎಳ್ಳೆಣ್ಣೆ ಮತ್ತು ಮೀನಿಗೆ ಆದ್ಯತೆ ಇರಲಿ.

ಔಷಧಿಯ ಎಚ್ಚರ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಏಕಾಏಕಿ ಕಡಿತಗೊಳಿಸಿದರೆ ಸಕ್ಕರೆ ತೀರಾ ಕುಸಿಯಬಹುದು. ಬೆವರು, ನಡುಕ, ಮಂಕು ಕವಿದರೆ 15 ಗ್ರಾಂ ಗ್ಲೂಕೋಸು ಅಥವಾ ಸಕ್ಕರೆಯನ್ನು ಸೇವಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಅವುಗಳಿಂದಲೂ ತೂಕ ಇಳಿಯುತ್ತದೆ. ಇವುಗಳೊಂದಿಗೆ ಅತಿ ಕಡಿಮೆ ಪಿಷ್ಟದ ಊಟ ಸೇರಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡರೆ ಸಕ್ಕರೆಯ ಅಂಕಿ ಚೆನ್ನಾಗಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆದುದರಿಂದ ಊಟ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ ಮಾತ್ರೆಯ ಪ್ರಮಾಣವನ್ನು ಹೊಂದಿಸಿಕೊಳ್ಳುವುದು ಕ್ರಮ. ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ತಪ್ಪು.

ನಡಿಗೆಯೊಂದೇ ಸಾಲದು

ಫೈವ್ ಗಾರ್ಡನ್ಸ್‌ನ ಮುಂಜಾನೆಯ ನಡಿಗೆ ನಮ್ಮವರ ಒಳ್ಳೆಯ ಅಭ್ಯಾಸ. ಆದರೆ ಕೃಶರಾದವರು ಸ್ನಾಯುಬಲ ಉಳಿಸಿಕೊಳ್ಳಲು ವಾರಕ್ಕೆ ಎರಡು ಮೂರು ದಿನ ಬಲವರ್ಧಕ ವ್ಯಾಯಾಮವನ್ನೂ ಮಾಡಬೇಕು: ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯಿಟ್ಟು ದೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು. ತಿಂದ ಪ್ರೋಟೀನು ಮಾಂಸಖಂಡವಾಗಬೇಕಾದರೆ ಅದಕ್ಕೆ ಕೆಲಸ ಬೇಕು.

ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು ತೂಕ ನೋಡಿ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡಾಗ ಆ ಬರಹವನ್ನೂ ವೈದ್ಯರ ಮುಂದಿಡಿ. ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಪರೇಲಿನ ಕೆಇಎಂ ಆಸ್ಪತ್ರೆ ನಮಗೆ ದೂರವಲ್ಲ.

ಮನೆಯ ಹಿರಿಯರು "ನನಗೆ ಸಾಕು" ಎಂದು ಬಟ್ಟಲು ಸರಿಸಿದಾಗ, ಅದು ಪಥ್ಯವೋ ಹಸಿವಿಲ್ಲದಿರುವುದೋ ಎಂದು ಮನೆಯವರು ವಿಚಾರಿಸಬೇಕು. ಅನ್ನವೊಂದನ್ನು ಕಡಿಮೆ ಮಾಡಿದರೆ ಸಾಲದು. ಬಟ್ಟಲು ಖಾಲಿ ಉಳಿಯದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ ಎಂಬುದನ್ನು ನಮ್ಮ ಓದುಗರು ಮರೆಯದಿರಲಿ ಎಂದು ಹಾರೈಸುತ್ತೇವೆ.